ಗಾಡಿ ಏರು ಹತ್ತುತ್ತಿಲ್ಲವೇ? ಮೊದಲು ಕೇಳೋಣ, ಆಮೇಲೆ ಬಿಚ್ಚೋಣ

(ಮಸ್ಕತ್‌ನಲ್ಲಿ ನಡೆದ ನಮ್ಮ ಮಾಸಿಕ ಸಭೆಯಲ್ಲಿ, ಗ್ಯಾರೇಜ್ ಕೆಲಸದಲ್ಲಿರುವ ಸಹೋದರರ ಪರವಾಗಿ ಮಾಡಿದ ಮಾತಿನ ಬರಹ ರೂಪ)





ಭಾಷಣ ಮಾಡುವುದು ನಮ್ಮ ಕೆಲಸವಲ್ಲ. ನಮ್ಮ ಕೈಗೆ ಸ್ಪಾನರ್ ಗೊತ್ತು, ಮೈಕ್ ಗೊತ್ತಿಲ್ಲ. ಆದರೆ ನಮ್ಮ ಸಂಘಟನೆಯಲ್ಲಿ ಡ್ರೈವರ್‌ಗಳು ಎಷ್ಟು ಮಂದಿ ಇದ್ದಾರೆ, ಒಮ್ಮೆ ಕೈ ಎತ್ತಿ ನೋಡುವ. ನೋಡಿ, ಅರ್ಧ ಸಭೆ! ನೀರಿನ ಗಾಡಿ, ತರಕಾರಿ ಗಾಡಿ, ಮನೆ ಡ್ರೈವರ್, ಕಂಪನಿ ಬಸ್ಸು. ಉಳಿದವರಲ್ಲಿಯೂ ಹಲವರು ಹಳೆ ಕಾರೊಂದನ್ನು ಕೊಂಡು ಓಡಿಸುವವರು. ನೀವೆಲ್ಲ ನಮ್ಮಲ್ಲಿ ಬಂದು ಹೇಳುವ ದೂರುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಕಾಕಾ, ಸಮ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಏರು ಬಂದರೆ ಗಾಡಿ ಎಳೆಯುವುದಿಲ್ಲ." ಇವತ್ತು ಆ ಒಂದು ದೂರಿನ ಬಗ್ಗೆ ಮಾತ್ರ ಮಾತಾಡುತ್ತೇವೆ.

ಮೊದಲು ನಾವು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಅದನ್ನು ಹೇಳದೆ ಉಪದೇಶ ಮಾಡಿದರೆ ಸರಿಯಾಗುವುದಿಲ್ಲ.

ನಮ್ಮ ಊರ ಕಡೆಯವನೇ ಒಬ್ಬ ಸಹೋದರ. ಕುಡಿಯುವ ನೀರಿನ ಕ್ಯಾನ್ ಹಾಕುವ ಪೆಟ್ರೋಲ್ ವ್ಯಾನ್ ಓಡಿಸುತ್ತಿದ್ದ. 5 ಗ್ಯಾಲನ್ ಕ್ಯಾನ್ ಎಂದರೆ ಒಂದೊಂದರಲ್ಲಿ ಸುಮಾರು 19 ಕಿಲೋ ನೀರು. 50 ಕ್ಯಾನ್ ಹಾಕಿದರೆ ಒಂದು ಟನ್ನಿಗೆ ಹತ್ತಿರ. ಬೌಶರ್‌ನಿಂದ ಅಲ್ ಅಮರಾತ್‌ಗೆ ಬೆಟ್ಟ ದಾಟುವ ರಸ್ತೆ ನಿಮಗೆಲ್ಲ ಗೊತ್ತು. ಆ ಏರಿನಲ್ಲಿ ಅವನ ಗಾಡಿ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಆಕ್ಸಲರೇಟರ್ ಪೂರ್ತಿ ಒತ್ತಿದರೂ ವೇಗ 30ಕ್ಕೆ ಇಳಿಯುತ್ತಿತ್ತು. ಹಿಂದಿನವರ ಹಾರ್ನ್, ಬೈಗುಳ ಎಲ್ಲ ಕೇಳಬೇಕು.

ನಮ್ಮಲ್ಲಿಗೆ ತಂದ. ಅಂದು ಕೆಲಸ ತುಂಬಾ ಇತ್ತು. ನಾವು ಅವನಲ್ಲಿ ಎರಡು ಮಾತು ಕೇಳಲಿಲ್ಲ. "ಪೆಟ್ರೋಲ್ ಪಂಪ್ ವೀಕ್" ಎಂದು ಹೇಳಿ ಪಂಪ್ ಬದಲಿಸಿದೆವು. ಎರಡು ದಿವಸದಲ್ಲಿ ಗಾಡಿ ವಾಪಸ್. ಈ ಸಲ ಪ್ಲಗ್ಗು ಮತ್ತು ಕಾಯಿಲ್ ಹಾಕಿದೆವು. ಸ್ವಲ್ಪ ಮಿಸ್ಸಿಂಗ್ ಇತ್ತು, ಅದು ನಿಂತಿತು. ಆದರೆ ಏರಿನಲ್ಲಿ ಮತ್ತೆ ಅದೇ ಕಥೆ. ಅಷ್ಟರಲ್ಲಿ ಅವನ ಮುದೀರ್‌ಗೆ ಸಿಟ್ಟು ಬಂದಿತ್ತು. ಡ್ರೈವರೇ ಗಾಡಿ ಕೆಡಿಸಿದ್ದು, ಖರ್ಚನ್ನು ಸಂಬಳದಲ್ಲಿ ಹಿಡಿಯುತ್ತೇನೆ ಎಂದರು. ಆ ತಿಂಗಳೇ ಹಿಡಿದರು ಕೂಡ. ಊರಲ್ಲಿ ಅವನ ಮಗಳ ಶಾಲೆಯ ಫೀಸು ಕಟ್ಟುವ ತಿಂಗಳು ಅದು.

ಒಂದು ರಾತ್ರಿ ಇಶಾ ಆದ ಮೇಲೆ ಅವನು ರೂಮಿಗೆ ಬಂದು ಸುಮ್ಮನೆ ಕುಳಿತ. ನಮ್ಮಲ್ಲಿ ಹಿರಿಯರಾದ ಒಬ್ಬ ಕಾಕ ಇದ್ದಾರೆ. ಊರಲ್ಲಿ ಇರುವಾಗ ಉಪ್ಪಿನಂಗಡಿ ಕಡೆ ಲಾರಿ ಕೆಲಸ ಮಾಡಿದವರು. ಶಿರಾಡಿ ಘಾಟಿ ಹತ್ತುವ ಲಾರಿಗಳ ಗೋಳು ನೋಡಿ ಬೆಳೆದವರು. ಅವರು ಚಹಾ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ಇದು ಯಾವತ್ತು ಶುರುವಾದದ್ದು? ಅದಕ್ಕಿಂತ ಮೊದಲು ಏನಾಗಿತ್ತು?" ಆಗ ಅವನು ಹೇಳಿದ: ಎರಡು ತಿಂಗಳ ಹಿಂದೆ ಎಂಜಿನ್ ಲೈಟ್ ಮಿನುಗುತ್ತಿತ್ತು, ಗಾಡಿ ಜಗ್ಗುತ್ತಿತ್ತು. ಬಾಯಲ್ಲಿ ಹೇಳಿದ್ದೆ. ಈಗ ಓಡಿಸು, ಮತ್ತೆ ನೋಡುವ ಎಂದರು. ಮತ್ತೆ ಹೇಳಲಿಕ್ಕೆ ನನಗೆ ಹೆದರಿಕೆ ಆಯಿತು.

ಅಷ್ಟು ಸಾಕಾಯಿತು. ಮರುದಿನ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದರೆ ಸೈಲೆನ್ಸರ್ ದಾರಿ ಕಟ್ಟಿದೆ ಎಂದು ಗೊತ್ತಾಯಿತು. ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿದರೆ ಒಳಗಿನ ಜೇನುಗೂಡಿನಂಥ ಭಾಗ ಅರ್ಧ ಕರಗಿ ಮುಚ್ಚಿಹೋಗಿತ್ತು. ಕಾಯಿಲ್ ಹೋದಾಗ ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ, ಅಲ್ಲಿ ಸುಟ್ಟು, ಅದನ್ನು ಕರಗಿಸಿತ್ತು. ಎಂಜಿನ್‌ಗೆ ಉಸಿರು ಬಿಡಲಿಕ್ಕೆ ದಾರಿ ಇರಲಿಲ್ಲ. ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ.

ಪಂಪಿನ ದುಡ್ಡನ್ನು ನಾವು ನಮ್ಮ ಕೈಯಿಂದ ಹಿಂದೆ ಕೊಟ್ಟೆವು. ಮುದೀರ್ ಹತ್ತಿರ ಹೋಗಿ, ಕರಗಿದ ತುಂಡನ್ನು ಎದುರು ಇಟ್ಟು, ಇದು ಡ್ರೈವರನ ತಪ್ಪಲ್ಲ ಎಂದು ಹೇಳಿದೆವು. ಮುಂದಿನ ತಿಂಗಳಿಂದ ಸಂಬಳ ಹಿಡಿಯುವುದು ನಿಂತಿತು. ಹಿಡಿದ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಅದು ನಮ್ಮ ಮನಸ್ಸಿನಲ್ಲಿ ಇವತ್ತಿಗೂ ಚುಚ್ಚುತ್ತದೆ. ಹಾಗಾಗಿ ಈ ಮಾತು.

ಏರಿನಲ್ಲೇ ಯಾಕೆ?

ಸಮ ರಸ್ತೆಯಲ್ಲಿ ಎಂಜಿನ್ ತನ್ನ ಶಕ್ತಿಯ ಒಂದು ಪಾಲನ್ನು ಮಾತ್ರ ಬಳಸುತ್ತದೆ. ಅರ್ಧ ಆರೋಗ್ಯ ಇದ್ದರೂ ನಡೆದುಹೋಗುತ್ತದೆ. ಏರಿನಲ್ಲಿ ಇಡೀ ಗಾಡಿಯನ್ನು ಎತ್ತಬೇಕು. ಲೆಕ್ಕ ನೋಡಿ: 1500 ಕಿಲೋ ತೂಕದ ಕಾರು, 100 ಮೀಟರ್‌ಗೆ 10 ಮೀಟರ್ ಏರುವ ರಸ್ತೆ, ಗಂಟೆಗೆ 50 ಕಿಲೋಮೀಟರ್ ವೇಗ. ಎತ್ತುವ ಕೆಲಸಕ್ಕೇ ಸುಮಾರು 20 ಕಿಲೋವ್ಯಾಟ್, ಅಂದರೆ 27 ಕುದುರೆಶಕ್ತಿ ಬೇಕು. ಗಾಳಿಯ ತಡೆ, ಟಯರಿನ ತಡೆ, ಎಸಿ ಎಲ್ಲ ಬೇರೆ. ಮೆಟ್ಟಿಲು ಹತ್ತಿದಾಗ ಮಾತ್ರ ಏದುಸಿರು ಬರುವವನಿಗೆ ಡಾಕ್ಟರು ಎದೆ ಪರೀಕ್ಷೆ ಮಾಡುತ್ತಾರಲ್ಲ, ಇದೂ ಹಾಗೆಯೇ. ಏರು ಗಾಡಿಯನ್ನು ಕೆಡಿಸುವುದಿಲ್ಲ. ಒಳಗೆ ಮೊದಲೇ ಇದ್ದ ಕಾಯಿಲೆಯನ್ನು ತೋರಿಸುತ್ತದೆ.

ಒಂದು ವಿಷಯ ನೆನಪಿರಲಿ. ಸ್ವಲ್ಪ ಶಕ್ತಿ ಕಡಿಮೆಯಾಗುವುದು ಸಹಜ. ಜಬಲ್ ಅಖ್ದರ್‌ನ ಸೈಕ್ ಪ್ರಸ್ಥಭೂಮಿ ಸಮುದ್ರ ಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡ ಮಸ್ಕತ್‌ಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆ. ಟರ್ಬೋ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳಕೊಳ್ಳುತ್ತದೆ. ಬೇಸಿಗೆಯ ಬಿಸಿಯೂ ಸೇರುತ್ತದೆ: 25 ಡಿಗ್ರಿಯ ಗಾಳಿಗಿಂತ 45 ಡಿಗ್ರಿಯ ಗಾಳಿ ಸುಮಾರು ಶೇಕಡಾ 6ರಷ್ಟು ತೆಳು. ಹಾಗಾಗಿ ಜಬಲ್ ಅಖ್ದರ್ ಮೇಲೆ ಮಾತ್ರ ಗಾಡಿ ಮಂದ ಆಯಿತು ಎಂದರೆ ಹೆದರಬೇಡಿ. ಅಮರಾತ್ ಏರಿನಲ್ಲಿ, ಹೋದ ವರ್ಷ ಹತ್ತುತ್ತಿದ್ದ ಕಡೆಯಲ್ಲಿ, ಈಗ ಹತ್ತುವುದಿಲ್ಲ ಎಂದರೆ ಅದು ಕಾಯಿಲೆ.

ಡ್ರೈವರ್ ಹೇಳಬೇಕಾದ ಐದು ಉತ್ತರ

ಗ್ಯಾರೇಜಿಗೆ ಬರುವ ಮೊದಲು ಈ ಐದು ಪ್ರಶ್ನೆಗೆ ಉತ್ತರ ತನ್ನಿ. ನೀವು ಕೊಡುವ ಉತ್ತರವೇ ಅರ್ಧ ರಿಪೇರಿ.

ಒಂದು, ಏರಿನಲ್ಲಿ ಆರ್‌ಪಿಎಂ ಮುಳ್ಳು ಏನು ಮಾಡುತ್ತದೆ? ಎಂಜಿನ್ ಜೋರಾಗಿ ಕೂಗಿ ಮುಳ್ಳು ಮೇಲೆ ಹೋಗುತ್ತದೆ, ಆದರೆ ವೇಗ ಬರುವುದಿಲ್ಲ ಎಂದಾದರೆ ಎಂಜಿನ್ ಸರಿ ಇದೆ, ಕ್ಲಚ್ ಅಥವಾ ಗೇರ್‌ಬಾಕ್ಸ್ ಜಾರುತ್ತಿದೆ. ಆಟೋಮ್ಯಾಟಿಕ್ ಆದರೆ ಗೇರ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆಯೇ ನೋಡಬೇಕು. ಮುಳ್ಳು ಮತ್ತು ವೇಗ ಎರಡೂ ಒಟ್ಟಿಗೆ ಇಳಿದರೆ ಎಂಜಿನ್ ಕಡೆ ಹುಡುಕಬೇಕು. ಈ ಒಂದು ಪ್ರಶ್ನೆ ಕೇಳದೆ ಬಿಚ್ಚಿದ ಗ್ಯಾರೇಜು ಕತ್ತಲಲ್ಲಿ ತಡಕಾಡಿದ ಹಾಗೆ.

ಎರಡು, ಗಾಡಿ ಜಗ್ಗುತ್ತದೆಯೇ, ಮೆಲ್ಲನೆ ಸೋಲುತ್ತದೆಯೇ? ಜಗ್ಗಿದರೆ ಹೆಚ್ಚಾಗಿ ಪ್ಲಗ್ಗು, ಕಾಯಿಲ್. ಮೆಲ್ಲನೆ ಸೋತರೆ ಗಾಳಿ, ಪೆಟ್ರೋಲ್, ಸೈಲೆನ್ಸರ್, ಈ ಮೂರರಲ್ಲಿ ಒಂದು.

ಮೂರು, ತಣ್ಣಗಿರುವಾಗಲೂ ಹೀಗೆಯೇ, ಬಿಸಿಯಾದ ಮೇಲೆಯೋ? ಹತ್ತು ನಿಮಿಷ ನಿಲ್ಲಿಸಿದರೆ ಸರಿಯಾಗಿ, ಮತ್ತೆ ಅರ್ಧ ಗಂಟೆಯಲ್ಲಿ ಸೋತರೆ ಪೆಟ್ರೋಲ್ ಪಂಪಿನ ಮೇಲೆ ಸಂಶಯ ಪಡಬಹುದು. ಪಂಪು ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲೇ ತಣ್ಣಗಾಗುವಂಥದ್ದು. ಯಾವಾಗಲೂ ಮುಳ್ಳು ಕೆಂಪಿಗೆ ತಾಗುವವರೆಗೆ ಓಡಿಸುವವರು ಪಂಪನ್ನು ತಾವೇ ಬಿಸಿ ಮಾಡುತ್ತಾರೆ.

ನಾಲ್ಕು, ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಇದೆಯೇ? ಎಂಜಿನ್ ಲೈಟ್ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗಿದರೆ ಮಿಸ್ಸಿಂಗ್ ಜೋರಾಗಿದೆ, ಕನ್ವರ್ಟರ್ ಕರಗುವ ಅಪಾಯ ಇದೆ ಎಂದು ಅರ್ಥ. ಆಗ ಲೋಡ್ ಹಾಕಿ ಏರು ಹತ್ತಲೇಬಾರದು.

ಐದು, ಮೊನ್ನೆ ಮೊನ್ನೆ ಏನು ಕೆಲಸ ಮಾಡಿಸಿದಿರಿ, ಯಾವ ಪೆಟ್ರೋಲ್ ಹಾಕಿದಿರಿ? ಇಲ್ಲಿ ಬಂಕಿನಲ್ಲಿ 91 ಇದೆ, 95 ಇದೆ. 95 ಹಾಕಬೇಕೆಂದು ಕಂಪನಿ ಪುಸ್ತಕದಲ್ಲಿರುವ ಗಾಡಿಗೆ ಕೆಲವು ಬೈಸಾ ಉಳಿಸಲು 91 ಹಾಕಿದರೆ, ಬಿಸಿಲಲ್ಲಿ ಏರು ಹತ್ತುವಾಗ ಕಂಪ್ಯೂಟರು ಎಂಜಿನ್ನನ್ನು ಕಾಪಾಡಲು ಸ್ಪಾರ್ಕ್ ತಡ ಮಾಡುತ್ತದೆ. ಆಗ ಶಕ್ತಿ ಇಳಿಯುತ್ತದೆ. 91 ಸಾಕು ಎಂದು ಬರೆದ ಗಾಡಿಗೆ 95 ಹಾಕಿದರೆ ಮಾತ್ರ ದೊಡ್ಡ ಲಾಭ ಏನಿಲ್ಲ.

ದುಡ್ಡು ಖರ್ಚಾಗದ ಕಡೆಯಿಂದ ಶುರು

ಇನ್ನು ನಮ್ಮವರೇ ಆದ ಮೆಕ್ಯಾನಿಕ್ ಸಹೋದರರಿಗೆ. ವಾದಿ ಕಬೀರ್‌ನಲ್ಲಿರಲಿ, ಘಾಲಾದಲ್ಲಿರಲಿ, ನಿಝ್ವಾ ಸನಾಯಿಯ್ಯಾದಲ್ಲಿರಲಿ, ಕ್ರಮ ಒಂದೇ: ಪುಕ್ಕಟೆ ಪರೀಕ್ಷೆ ಮೊದಲು, ದುಬಾರಿ ಸಾಮಾನು ಕೊನೆಗೆ.

ಮೊದಲು ಕಾಲ ಕೆಳಗಿನ ಮ್ಯಾಟ್ ನೋಡಿ. ನಗಬೇಡಿ. ದಪ್ಪ ಮ್ಯಾಟ್ ಆಕ್ಸಲರೇಟರ್ ಕೆಳಗೆ ಸೇರಿ ಪೆಡಲ್ ಪೂರ್ತಿ ಹೋಗದೆ ಇರುವುದುಂಟು. ಆಮೇಲೆ ಬ್ರೇಕ್. ಸ್ವಲ್ಪ ದೂರ ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ವಿಪರೀತ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಆಮೇಲೆ ಏರ್ ಫಿಲ್ಟರ್. ಒಮಾನಿನ ಧೂಳಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಸಾಲದು. ಮಣ್ಣು ರಸ್ತೆ, ಸೈಟ್ ಕೆಲಸದ ಗಾಡಿಗೆ ಅದಕ್ಕಿಂತ ಎಷ್ಟೋ ಮೊದಲೇ ಫಿಲ್ಟರ್ ತುಂಬುತ್ತದೆ. ಕಂಪ್ರೆಸರ್ ಗಾಳಿಯನ್ನು ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ ಹೊಡೆಯಿರಿ. ಹತ್ತಿರ ಹಿಡಿದು ಜೋರಾಗಿ ಹೊಡೆದರೆ ಕಾಗದ ಹರಿದು ಧೂಳೆಲ್ಲ ಏರ್‌ಫ್ಲೋ ಸೆನ್ಸರ್‌ಗೆ, ಎಂಜಿನ್‌ಗೆ ಹೋಗುತ್ತದೆ. ಸೆನ್ಸರನ್ನು ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆಯಬೇಕು. ಬಟ್ಟೆಯಲ್ಲಿ ಉಜ್ಜಿದರೆ ಒಳಗಿನ ತೆಳು ತಂತಿ ಹೋಯಿತು.

ಡೀಸೆಲ್ ಪಿಕಪ್ ಆದರೆ ಹೊಗೆ ನೋಡಿ. ಏರಿನಲ್ಲಿ ಕಪ್ಪು ಹೊಗೆ, ಉಸ್ ಎಂಬ ಶಬ್ದ ಇದ್ದರೆ ಟರ್ಬೋದ ರಬ್ಬರ್ ಪೈಪ್ ಬಿರುಕು ಬಿಟ್ಟಿರಬಹುದು. ಟರ್ಬೋವನ್ನೇ ಬದಲಿಸಬೇಕು ಎನ್ನುವ ಮೊದಲು ಪೈಪಿನ ಕ್ಲಿಪ್ ಬಿಗಿ ಇದೆಯೇ ನೋಡಿ. ಡೀಸೆಲ್ ಫಿಲ್ಟರಿನ ನೀರು ಬಿಟ್ಟು ಎಷ್ಟು ದಿನ ಆಯಿತು ಎಂದೂ ಕೇಳಿ.

ಈಗ ಸ್ಕ್ಯಾನರ್. ಈಗಿನ ಗಾಡಿಗಳಲ್ಲಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಆದರೆ ಸ್ಕ್ಯಾನರ್ ಹೇಳುವುದು ರೋಗದ ಲಕ್ಷಣ ಮಾತ್ರ, ಬದಲಿಸಬೇಕಾದ ಸಾಮಾನಿನ ಹೆಸರು ಅಲ್ಲ. ಪಿ 0171 ಬಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ ಎಂದರ್ಥ. ಪೈಪ್ ಎಲ್ಲೋ ಗಾಳಿ ಎಳೆಯುತ್ತಿರಬಹುದು, ಸೆನ್ಸರ್ ಕೊಳೆಯಾಗಿರಬಹುದು, ಪಂಪು ಸೋತಿರಬಹುದು. ಪಿ 0300 ಎಂದರೆ ಮಿಸ್ಸಿಂಗ್. ಪಿ 0420 ಎಂದರೆ ಕನ್ವರ್ಟರ್ ಕೆಲಸ ಕಡಿಮೆಯಾಗಿದೆ. ಪಿ 0299 ಎಂದರೆ ಟರ್ಬೋ ಒತ್ತಡ ಸಾಲದು. ಯಾವ ಕೋಡೂ ಬಾರದೆ ಕನ್ವರ್ಟರ್ ಕಟ್ಟಿರುವುದೂ ಉಂಟು.

ಹಾಗಾಗಿ ಅಳತೆ. ಪಂಪಿನ ಮೇಲೆ ಸಂಶಯವಿದ್ದರೆ ಫ್ಯೂಯಲ್ ಪ್ರೆಶರ್ ಗೇಜ್ ಹಾಕಿ, ನಿಂತಲ್ಲಿ ಮಾತ್ರ ಅಲ್ಲ, ಲೋಡಿನಲ್ಲಿಯೂ ನೋಡಿ. ಲೋಡ್ ಬಿದ್ದಾಗ ಒತ್ತಡ ಕುಸಿದರೆ ಆಗ ಪಂಪು ಅಥವಾ ಫಿಲ್ಟರ್ ಎನ್ನಿ. ಸೈಲೆನ್ಸರ್ ಮೇಲೆ ಸಂಶಯವಿದ್ದರೆ ವ್ಯಾಕ್ಯೂಮ್ ಗೇಜ್ ಹಾಕಿ ಆರ್‌ಪಿಎಂ ಅನ್ನು 2500ರಲ್ಲಿ ಹಿಡಿದು ನಿಲ್ಲಿಸಿ. ಮುಳ್ಳು ಮೆಲ್ಲಮೆಲ್ಲನೆ ಇಳಿಯುತ್ತಾ ಹೋದರೆ ಹೊಗೆ ಹೋಗುವ ದಾರಿ ಕಟ್ಟಿದೆ. ಇನ್ನೂ ಖಚಿತ ಬೇಕೆಂದರೆ ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿ. ಅದೇ 2500ರಲ್ಲಿ ಒತ್ತಡ 3 ಪಿಎಸ್‌ಐ ದಾಟಿದರೆ ಸಂಶಯ ಬೇಡ. ಈ ಗೇಜುಗಳ ಬೆಲೆ ಒಂದು ತಪ್ಪು ಪಂಪಿನ ಬೆಲೆಗಿಂತ ಹೆಚ್ಚಿಲ್ಲ. ಆ ದಿನ ನಮ್ಮ ಪೆಟ್ಟಿಗೆಯಲ್ಲೂ ಗೇಜ್ ಇತ್ತು. ತೆಗೆಯಲಿಲ್ಲ, ಅಷ್ಟೆ.

ಇನ್ನೊಂದು ಮಾತು. ಕನ್ವರ್ಟರ್ ಹಾಕಿ ಬಿಟ್ಟರೆ ಸಾಲದು. ಅದನ್ನು ಕರಗಿಸಿದ ಮಿಸ್ಸಿಂಗ್ ನಿಲ್ಲಿಸದಿದ್ದರೆ ಹೊಸತೂ ಕರಗುತ್ತದೆ. ಮತ್ತೆ ಹಳೆಯ ಕನ್ವರ್ಟರಿನ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳಿವೆ. ಗುಜರಿಯಲ್ಲಿ ಅದಕ್ಕೆ ದುಡ್ಡಿದೆ. ಆ ಹಳೆಯ ತುಂಡು ಗಾಡಿಯ ಯಜಮಾನನದ್ದು, ನಮ್ಮದಲ್ಲ. ಬಿಚ್ಚಿದ ಪ್ರತಿಯೊಂದು ಸಾಮಾನನ್ನು ತೋರಿಸಿ, ಕೈಗೆ ಕೊಡಿ. ಗಾಡಿ ನಮ್ಮ ಕೈಗೆ ಬಂದಾಗ ಅದು ಅಮಾನತ್. ಐದು ಹೊತ್ತು ನಮಾಝ್ ಮಾಡಿ, ಮಧ್ಯೆ ಅಮಾನತ್‌ಗೆ ಕೈ ಹಾಕಿದರೆ ಬರಕತ್ ಎಲ್ಲಿಂದ ಬರಬೇಕು?

ಡ್ರೈವರ್ ಸಹೋದರರೇ, ಬರೆದು ಇಡಿ

ಆ ಸಹೋದರ ಬಾಯಲ್ಲಿ ಹೇಳಿದ್ದ. ಬಾಯಿಮಾತಿಗೆ ಸಾಕ್ಷಿ ಇರಲಿಲ್ಲ. ಲೈಟ್ ಕಂಡ ದಿನವೇ ಫೋಟೋ ತೆಗೆಯಿರಿ. ಮುದೀರ್‌ಗೆ ವಾಟ್ಸಾಪ್‌ನಲ್ಲಿ ಗಾಡಿ ನಂಬರ್, ಕಿಲೋಮೀಟರ್, "ಏರಿನಲ್ಲಿ ಎಳೆಯುತ್ತಿಲ್ಲ, ಲೈಟ್ ಮಿನುಗುತ್ತಿದೆ" ಎಂದು ಮರ್ಯಾದೆಯಿಂದ ಎರಡು ಸಾಲು ಹಾಕಿ. ಅರಬಿ, ಇಂಗ್ಲಿಷ್ ಬರೆಯಲು ಬಾರದಿದ್ದರೆ ನಮ್ಮ ಘಟಕದವರಲ್ಲಿ ಹೇಳಿ, ಬರೆದು ಕೊಡುತ್ತಾರೆ. ಮೆಸೇಜ್ ಅಳಿಸಬೇಡಿ. ಗ್ಯಾರೇಜಿನ ಬಿಲ್ಲಿನ ಫೋಟೋವೂ ಇರಲಿ. ಇದು ಜಗಳಕ್ಕೆ ಅಲ್ಲ. ನಾಳೆ ಯಾರಾದರೂ "ನೀನು ಹೇಳಲೇ ಇಲ್ಲ" ಎಂದರೆ ತೋರಿಸಲಿಕ್ಕೆ. ಹೆದರಿ ಸುಮ್ಮನಿದ್ದರೆ ಒಂದು ಕಾಯಿಲಿನ ಖರ್ಚು ಕನ್ವರ್ಟರಿನ ಖರ್ಚಾಗುತ್ತದೆ, ಕೊನೆಗೆ ಅದು ಯಾರ ತಲೆಗೆ ಬರುತ್ತದೆ ಎಂದು ನೋಡಿದ್ದೇವೆ.

ದಾರಿಯಲ್ಲೇ ಗಾಡಿ ಸೋತರೆ ಪೆಡಲ್ ಒತ್ತಿ ಒತ್ತಿ ಹಟ ಮಾಡಬೇಡಿ. ಎಸಿ ಬಂದ್ ಮಾಡಿ, ಸಣ್ಣ ಗೇರಿಗೆ ಬನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ, ಬಲಬದಿಯ ಅಂಚಿಗೆ ನಿಲ್ಲಿಸಿ. ಊರಲ್ಲಿ ಹಿಂದೆ ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರ್ ಹಾರಿ ಇಳಿದು ಚಕ್ರದ ಹಿಂದೆ ಮರದ ತುಂಡು ಇಡುತ್ತಿದ್ದ. ಲೋಡ್ ಗಾಡಿಯಲ್ಲಿ ಅಂಥ ಒಂದು ತುಂಡು ಇಲ್ಲಿಯೂ ಇರಲಿ. ಟ್ರಯಾಂಗಲ್ ದೂರದಲ್ಲಿ ಇಡಿ, ನೀವು ತಡೆಗೋಡೆಯ ಆಚೆ ನಿಲ್ಲಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಲೇಬೇಡಿ. ಅಪಾಯ ಎನಿಸಿದರೆ ಪೊಲೀಸ್ ನಂಬರ್ 9999. ಬೇಸಿಗೆಯಲ್ಲಿ ಕುಡಿಯುವ ನೀರು ಇಲ್ಲದೆ ಬೆಟ್ಟದ ದಾರಿಗೆ ಹೊರಡಬೇಡಿ.

ಗುಲಾಬಿ ಕಾಲದಲ್ಲಿ, ಪೆರ್ನಾಳ್ ರಜೆಯಲ್ಲಿ ಜಬಲ್ ಅಖ್ದರ್‌ಗೆ ಹೋಗುವವರು ಇದ್ದೀರಿ. ಬಿರ್ಕತುಲ್ ಮೌಝ್ ಚೆಕ್‌ಪೋಸ್ಟಿನಿಂದ ಮೇಲೆ ಫೋರ್ ವೀಲ್ ಗಾಡಿಗೆ ಮಾತ್ರ ಬಿಡುತ್ತಾರೆ. ಹತ್ತುವಾಗ ಶಕ್ತಿ ಎಷ್ಟು ಮುಖ್ಯವೋ ಇಳಿಯುವಾಗ ಸಣ್ಣ ಗೇರ್ ಅಷ್ಟೇ ಮುಖ್ಯ. ಬ್ರೇಕ್ ಮೇಲೆಯೇ ಇಳಿದರೆ ಬ್ರೇಕ್ ಕಾದು ಕೈ ಕೊಡುತ್ತದೆ. ಖರೀಫ್ ನೋಡಲು ಸಲಾಲಕ್ಕೆ ಹೋಗುವವರೂ ಇದ್ದೀರಿ. ಮಸ್ಕತ್‌ನಿಂದ ಸುಮಾರು 1000 ಕಿಲೋಮೀಟರ್. ಹೋಗುವ ದಾರಿ ಬಹುಪಾಲು ಸಮತಟ್ಟು, ಗಾಡಿಯ ಕಾಯಿಲೆ ಗೊತ್ತೇ ಆಗುವುದಿಲ್ಲ. ವಾಪಸ್ ಬರುವಾಗ ಹೆಂಡತಿ ಮಕ್ಕಳು, ಸಾಮಾನು ತುಂಬಿಕೊಂಡು ಸಲಾಲದಿಂದ ಥುಮ್ರೈತ್ ಕಡೆಗೆ ಮಂಜಿನಲ್ಲಿ ಬೆಟ್ಟ ಹತ್ತಬೇಕು. ಅಲ್ಲಿ ಗೊತ್ತಾಗುತ್ತದೆ. ಹೊರಡುವ ವಾರ ಮೊದಲೇ ಅಮರಾತ್ ಏರಿನಲ್ಲಿ ಒಮ್ಮೆ ಓಡಿಸಿ ನೋಡಿ. ತವಕ್ಕುಲ್ ಬೇಕು, ಒಂಟೆ ಕಟ್ಟಿದ ಮೇಲೆ.

ಊರಲ್ಲಿ ಈ ಪತ್ರಿಕೆ ಓದುವ ಮನೆಯವರಲ್ಲಿ ಒಂದು ವಿನಂತಿ. ಈ ತಿಂಗಳು ದುಡ್ಡು ಕಡಿಮೆ ಬಂತೆಂದರೆ ಕೂಡಲೇ ಸಂಶಯ ಪಡಬೇಡಿ, ಏನಾಯಿತು ಎಂದು ಕೇಳಿ. ಹೇಳಿಕೊಳ್ಳಲು ಅವನಿಗೂ ಯಾರಾದರೂ ಬೇಕು. ಅವನು ಗಾಡಿಯಲ್ಲಿರುವ ಹೊತ್ತಿನಲ್ಲಿ ವೀಡಿಯೋ ಕಾಲ್ ಮಾಡಬೇಡಿ. ಮೆಕ್ಯಾನಿಕ್ ಕೆಲಸಕ್ಕೆ ಬರಬೇಕೆಂದಿರುವ ಹುಡುಗರು ಬರೀ ಬಿಚ್ಚಿ ಜೋಡಿಸುವುದನ್ನಲ್ಲ, ಸ್ಕ್ಯಾನರ್ ಓದುವುದನ್ನೂ ಗೇಜ್ ಹಿಡಿಯುವುದನ್ನೂ ಕಲಿತು ಬನ್ನಿ.

ಆ ಸಹೋದರ ಈಗಲೂ ಅದೇ ವ್ಯಾನ್ ಓಡಿಸುತ್ತಾನೆ. 50 ಕ್ಯಾನ್ ಹಾಕಿ ಅಮರಾತ್ ಏರು ಹತ್ತುತ್ತಾನೆ. ಮೊನ್ನೆ ನಮ್ಮಲ್ಲಿಗೆ ಬಂದಾಗ ಫೋನ್ ತೋರಿಸಿದ: ಬ್ರೇಕ್ ಲೈಟ್ ಒಂದು ಸಲ ಉರಿದದ್ದಕ್ಕೆ ಫೋಟೋ, ತಾರೀಕು, ಮುದೀರ್‌ಗೆ ಮೆಸೇಜ್. ಕೆಳಗೆ ಅವರ ಉತ್ತರ: ಗ್ಯಾರೇಜಿಗೆ ಕೊಂಡು ಹೋಗು. ಬ್ರೇಕ್ ಪ್ಯಾಡ್ ಮುಗಿದಿತ್ತು. ಅಳೆದು ನೋಡಿ ಹಾಕಿದೆವು, ಹಳೆಯದನ್ನು ಅವನ ಕೈಗೆ ಕೊಟ್ಟೆವು.

ನಮ್ಮಿಂದ ಆದ ತಪ್ಪನ್ನು ಅಲ್ಲಾಹನು ಮನ್ನಿಸಲಿ. ದಾರಿಯಲ್ಲಿರುವ ನಮ್ಮ ಎಲ್ಲ ಸಹೋದರರನ್ನು ಸುರಕ್ಷಿತವಾಗಿ ಮನೆ ಮುಟ್ಟಿಸಲಿ. ಆಮೀನ್.

ಅಸ್ಸಲಾಮು ಅಲೈಕುಂ.